ನೇಯ್ದವಳ ಹೆಸರು ಬರೆದುಕೊಳ್ಳಿ

ನಮ್ಮೂರು ವೈ.ಎನ್. ಹೊಸಕೋಟೆ. ಅದರ ಹೆಸರಲ್ಲೇ ಒಬ್ಬ ಗಂಡಸಿದ್ದಾನೆ. ವೈ.ಎನ್. ಎಂದರೆ ಯಲ್ಲಪ್ಪ ನಾಯಕ. ಪಾವಗಡ ತಾಲೂಕಿನ ಈ ಹೋಬಳಿ ಊರಿಗೆ ಬಂದಿಳಿದವರ ಕಣ್ಣಿಗೆ ಮೊದಲು ಬೀಳುವುದು ಬೋರ್ಡಿನ ಮೇಲಿನ ಆ ಹೆಸರು, ಕಿವಿಗೆ ಬೀಳುವುದು ಮಗ್ಗದ ಸದ್ದು. ಹೆಸರು ನಾಯಕನದು. ಸದ್ದು ಯಾರದು?

ನನಗಾಗ ಹನ್ನೆರಡು ವರ್ಷ. ನೇಕಾರರ ಗುರುತಿನ ಚೀಟಿಗೆ ಹೆಸರು ಬರೆದುಕೊಳ್ಳಲು ಒಬ್ಬರು ಕಂಕುಳಲ್ಲಿ ಫೈಲು ಇಟ್ಟುಕೊಂಡು ಮನೆಗೆ ಬಂದರು. ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು ಲುಂಗಿ ಸರಿಮಾಡಿಕೊಂಡು ನಿಂತರು. ಅಮ್ಮ ಬಾಗಿಲ ಪಕ್ಕ ಕೂತು ರಾಟೆ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದಳು. ಬಲಗೈ ರಾಟೆಯ ಮೇಲೆ, ಎಡಗೈಯ ಎರಡು ಬೆರಳ ನಡುವೆ ರೇಷ್ಮೆ ಎಳೆ. ಆ ಬೆರಳುಗಳಲ್ಲಿ ಎಳೆ ಉಜ್ಜಿ ಉಜ್ಜಿ ಬಿದ್ದ ಸಣ್ಣ ಗೀರು ಇವತ್ತಿಗೂ ಮಾಸಿಲ್ಲ.

"ಏನ್ ಕೆಲಸ?"

"ನೇಯ್ತೀನಿ ಸಾ."

"ಹೆಂಗಸ್ರು?"

ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. "ಮನೇಲೇ ಇರ್ತಾಳೆ ಸಾ."

ರಾಟೆ ನಿಂತಿತು. ಅಮ್ಮ ತಲೆಯೆತ್ತಿ, "ನಾ ಪೇರು ರಾಸ್ಕೋಲೇದಾ?" ಅಂದಳು. ನನ್ನ ಹೆಸರು ಬರ್ಕೊಳ್ಳಲಿಲ್ವಾ ಎಂದು ಕೇಳಿದ್ದಳು. ಬಂದವರು ನಕ್ಕರು. "ಕರ್ನಾಟಕದಲ್ಲಿದ್ದು ಕನ್ನಡ ಬರಲ್ವೇನಮ್ಮ?" ಅಮ್ಮ ಮತ್ತೆ ಮಾತಾಡಲಿಲ್ಲ. ರಾಟೆ ತಿರುಗಿತು.

ಈ ಪ್ರಸಂಗವನ್ನು ನಾನು ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿದ್ದೇನೆ. ಅಮ್ಮನನ್ನು ಅಳಿಸಿದ್ದು ಯಾವುದು? ಹೆಣ್ಣಾಗಿದ್ದದ್ದೇ? ಬಡ ನೇಕಾರರ ಮನೆಯವಳಾಗಿದ್ದದ್ದೇ? ಗಡಿಯ ತೆಲುಗು ನಾಲಗೆಯೇ? ಬಿಡಿಸಲು ಹೋದರೆ ಬರುವುದಿಲ್ಲ. ಹೆಣ್ಣಾದ್ದರಿಂದ ಗಂಡ ಉತ್ತರ ಕೊಟ್ಟ, ಬಡವಳಾದ್ದರಿಂದ ಬಂದವರು ಮತ್ತೊಮ್ಮೆ ಕೇಳಲಿಲ್ಲ, ತೆಲುಗಿನಲ್ಲಿ ಬಾಯಿ ಬಿಟ್ಟದ್ದರಿಂದ ಪ್ರಶ್ನೆಯೇ ನಗೆಪಾಟಲಾಯಿತು. ಮೂರು ಎಳೆ, ಒಂದೇ ಹುರಿ. ಆ ಹುರಿ ಅಮ್ಮನ ಬಾಯಿ ಕಟ್ಟಿತು.

ಮನೆಯಲ್ಲೇ ಇರುವವಳು ಏನು ಮಾಡುತ್ತಿದ್ದಳು ಅಂತ ಹೇಳುತ್ತೇನೆ, ಕೇಳಿ. ಬಣ್ಣ ಹಾಕಿದ ರೇಷ್ಮೆ ಲಡಿಯನ್ನು ಬಿಸಿಲು ನೋಡಿ ಒಣಹಾಕುವುದು ಅವಳು. ಸಿಕ್ಕು ಬಿಡಿಸುವುದು ಅವಳು. ಹೊಕ್ಕಿಗೆ ಕಂಡಿಕೆ ಸುತ್ತುವುದು ಅವಳು. ಒಂದು ಹಾಸು ಮುಗಿದಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಬೂದಿ ಮುಟ್ಟಿದ ಬೆರಳಲ್ಲಿ, ಕುತ್ತಿಗೆ ಬಗ್ಗಿಸಿ, ದಿನವಿಡೀ. ಅಪ್ಪನಿಗೆ ಜ್ವರ ಬಂದ ದಿನ ಗುಂಡಿಗಿಳಿದು ಲಾಳಿ ಹೊಡೆದದ್ದೂ ಅವಳೇ. ನಡುವೆ ಮುದ್ದೆ ತಿರುವಿದ್ದು, ನಮ್ಮನ್ನು ಹೆತ್ತದ್ದು, ಫ್ಲೋರೈಡ್ ನೀರಿನ ಈ ಊರಲ್ಲಿ ಕುಡಿಯಲು ಯೋಗ್ಯವಾದ ಒಂದು ಬಿಂದಿಗೆ ಹುಡುಕಿ ತಂದದ್ದು. ಅದನ್ನಂತೂ ಯಾರೂ ಕೆಲಸವೆಂದು ಎಣಿಸುವುದೇ ಇಲ್ಲ.

2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸ ಮಾಡುವವರು ಸುಮಾರು 35 ಲಕ್ಷ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಹೆಂಗಸರು. ದೇಶದ ಲೆಕ್ಕದಲ್ಲಿ ಮಗ್ಗ ಹೆಣ್ಣಿನದು. ನನ್ನ ಮನೆಯ ಲೆಕ್ಕದಲ್ಲಿ ಅವಳು 'ಮನೇಲೇ ಇರ್ತಾಳೆ'. ಯಾವ ಚೀಟಿಯ ಮೇಲೆ ಯಾರ ಹೆಸರಿದೆಯೋ ಅವರಿಗೇ ಸಾಲ, ಅವರಿಗೇ ವಿಮೆ, ಅವರಿಗೇ ಸಹಾಯಧನ. ಹೆಸರು ಬರೆದುಕೊಳ್ಳದ ಪೆನ್ನು ಅನ್ನವನ್ನೂ ಕಿತ್ತುಕೊಳ್ಳುತ್ತದೆ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ನನ್ನ ತಾಯಿಯ ಕಥೆಯಾಗುತ್ತಿತ್ತು, ಓದಿದವರು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಆದರೆ ನನ್ನ ಸಿಟ್ಟು ನನ್ನ ಹೊಸಿಲನ್ನೂ ದಾಟಬೇಕು.

ನಮ್ಮ ಮನೆಯ ಹೊರಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಒಂದು ಸ್ಟೀಲ್ ಲೋಟ. ದಲಿತರ ಎ.ಕೆ. ಕಾಲೊನಿಯಿಂದ ಕೊಟ್ಟಿಗೆ ಬಾಚಲು ಬರುತ್ತಿದ್ದ ಅವ್ವನ ಲೋಟ. ಕೆಲಸ ಮುಗಿಸಿ ಅವಳೇ ಅದನ್ನು ಇಳಿಸಿಕೊಂಡು ಅಂಗಳದಲ್ಲಿ ಕೂರುತ್ತಿದ್ದಳು. ಅಮ್ಮ ಒಳಗಿನಿಂದ ಚೊಂಬು ತಂದು, ಲೋಟಕ್ಕೆ ತಾಗದಂತೆ ಒಂದು ಗೇಣು ಎತ್ತರದಿಂದ ಕಾಫಿ ಸುರಿಯುತ್ತಿದ್ದಳು. ಕುಡಿದು, ತಾನೇ ತೊಳೆದು, ಲೋಟವನ್ನು ಮಗುಚಿ ಗೂಡಿನಲ್ಲಿಟ್ಟು ಅವ್ವ ಹೊರಡುತ್ತಿದ್ದಳು. ನನ್ನ ಬಾಣಂತಿ ಅಕ್ಕನಿಗೆ ಮೈನೀವಲು ಅವಳ ಕೈ ಬೇಕಿತ್ತು, ನೀವಿದ ಮೇಲೆ ಅಕ್ಕನಿಗೆ ಮತ್ತೆ ಸ್ನಾನವಾಗಬೇಕಿತ್ತು.

ಹೆಸರು ಬರೆಸಿಕೊಳ್ಳಲಾಗದ ನನ್ನ ತಾಯಿ ಇನ್ನೊಬ್ಬ ತಾಯಿಗೆ ಗೇಣೆತ್ತರದಿಂದ ಸುರಿದಳು. ಇದನ್ನು ಬರೆಯುವಾಗ ಕೈ ನಡುಗುತ್ತದೆ. ಆದರೂ ಬರೆಯಲೇಬೇಕು. ತುಳಿಸಿಕೊಂಡವಳು ತುಳಿಯುವುದಿಲ್ಲ ಎಂಬ ಸುಳ್ಳನ್ನು ನಾವು ಬಹಳ ದಿನ ಸಾಕಿದ್ದೇವೆ. ಹೆಣ್ಣೆಂಬ ಒಂದೇ ಮಾತಿನಲ್ಲಿ ಇಬ್ಬರನ್ನೂ ಸೇರಿಸಿ ಭಾಷಣ ಮಾಡುವವರು ಆ ಗೇಣುದ್ದದ ಗಾಳಿಯನ್ನು ಅಳೆಯಲಿ. ಚೊಂಬಿಗೂ ಲೋಟಕ್ಕೂ ನಡುವಿನ ಆ ಜಾಗದಲ್ಲಿ ಇಡೀ ವರ್ಣವ್ಯವಸ್ಥೆ ನಿಂತಿತ್ತು.

2019ರ ಸೆಪ್ಟೆಂಬರ್ 16ರಂದು ನಮ್ಮ ತಾಲೂಕಿನ ಹೆಸರು ದೇಶದ ಪತ್ರಿಕೆಗಳಿಗೆಲ್ಲ ಹೋಯಿತು. ಚಿತ್ರದುರ್ಗದ ಆಗಿನ ಸಂಸದ ಎ. ನಾರಾಯಣಸ್ವಾಮಿ ವೈದ್ಯರನ್ನೂ ಕಂಪನಿ ಅಧಿಕಾರಿಗಳನ್ನೂ ಕರೆದುಕೊಂಡು ಪಾವಗಡ ತಾಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದಾಗ, ದಲಿತರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಹಟ್ಟಿಯ ಹೊರಗೇ ಕುರ್ಚಿ ಹಾಕಿ ಕೂರಿಸಿದರು. ಲಕ್ಷಾಂತರ ವೋಟು ಪಡೆದು ಗೆದ್ದವರನ್ನು ಒಂದು ಮುಳ್ಳುಬೇಲಿ ತಡೆಯಿತು. ದೇಶ ಬೆಚ್ಚಿತು. ಬೆಚ್ಚಲೇಬೇಕಿತ್ತು.

ನನ್ನ ಪ್ರಶ್ನೆ ಬೇರೆ. ಅದೇ ಬೇಲಿಯ ಹೊರಗೆ ಯಾರ್ಯಾರು ಇರುತ್ತಾರೆ ಅಂತ ಯಾರಾದರೂ ಎಣಿಸಿದರೇ? ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಗಳನ್ನು ಹೊರಗಿಡುತ್ತಾರೆ. ಹೆತ್ತ ಬಾಣಂತಿಯನ್ನು, ಹಸುಗೂಸಿನ ಸಮೇತ, ಗುಡಿಸಲಿಗೆ ಕಳಿಸುತ್ತಾರೆ. ದಲಿತ ಗಂಡಸು ಒಳಗೆ ಬರುವಂತಿಲ್ಲ, ಹಟ್ಟಿಯ ಮಗಳು ಒಳಗೆ ಇರುವಂತಿಲ್ಲ. ಒಂದೇ ಬೇಲಿ, ಒಂದೇ ಮೈಲಿಗೆ, ಎರಡು ಬಾಗಿಲು. 2023ರ ಜುಲೈಯಲ್ಲಿ ನಮ್ಮದೇ ಜಿಲ್ಲೆಯ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಗುಡಿಸಲಿಗೆ ಹಾಕಿದ ಬಾಣಂತಿಯ ಎಳೆಗೂಸು ಮಳೆಚಳಿಗೆ ಸಿಕ್ಕು ಸತ್ತಿತು. ಅಮಾನವೀಯ ಆಚರಣೆಗಳನ್ನು ತಡೆಯಲು 2017ರಲ್ಲಿ ಕಾನೂನು ಮಾಡಿದ ರಾಜ್ಯ ಇದು. ಮುಟ್ಟಾದವಳನ್ನು ಬಲವಂತವಾಗಿ ಹೊರಗಿಡುವುದು ಆ ಕಾನೂನಿನಲ್ಲಿ ಅಪರಾಧ. ಅದೇ ರಾಜ್ಯದ ಸರ್ಕಾರ ಹಟ್ಟಿಗಳ ಹೊರಗೆ 'ಕೃಷ್ಣ ಕುಟೀರ' ಎಂಬ ಹೆಸರಿನಲ್ಲಿ ಹೊರಗಾದವರಿಗೆಂದು ಸಿಮೆಂಟಿನ ಕಟ್ಟಡ ಕಟ್ಟಿಸಿಕೊಟ್ಟಿತು. ಮೈಲಿಗೆಗೆ ತಾರಸಿ ಹಾಕಿಸುವುದಕ್ಕೆ ಅಭಿವೃದ್ಧಿ ಎನ್ನುತ್ತಾರೆಯೇ?

ಸಂಸದರನ್ನು ಕೆಲವೇ ದಿನಗಳಲ್ಲಿ ಹಟ್ಟಿಯೊಳಗೆ ಬರಮಾಡಿಕೊಂಡರು. ಆಮೇಲೆ 2021ರಲ್ಲಿ ಅವರು ಕೇಂದ್ರದಲ್ಲಿ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಖಾತೆಯ ರಾಜ್ಯ ಸಚಿವರೂ ಆದರು. ಅವರು ಕೂತ ಕುರ್ಚಿಗೆ ಕ್ಯಾಮೆರಾ ಬಂತು. ಆ ದಾರಿಯಲ್ಲಿ ಕೂಲಿಗೆ ಓಡಾಡುವ ದಲಿತ ಹೆಣ್ಣುಮಗಳಿಗೆ ಕುರ್ಚಿಯೂ ಇಲ್ಲ, ಕ್ಯಾಮೆರಾವೂ ಇಲ್ಲ. ಅವಳನ್ನು ಜಾತಿಯ ಬೇಲಿಯೂ ತಡೆಯುತ್ತದೆ, ಮುಟ್ಟಿನ ಬೇಲಿಯೂ ತಡೆಯುತ್ತದೆ. ಎರಡು ಬೇಲಿಗೆ ಸಿಕ್ಕವಳು ಸುದ್ದಿಯೇ ಅಲ್ಲ.

ಹಟ್ಟಿಯವರನ್ನು ಅನಾಗರಿಕರೆಂದು ಬೈದು ಕೈತೊಳೆದುಕೊಳ್ಳುವ ಪೇಟೆಯವರೇ, ನಿಲ್ಲಿ. ಕಾಡುಗೊಲ್ಲರು ಕುರಿ ಕಾಯ್ದು ಬದುಕಿದ ಬಡ ಸಮುದಾಯ. ಅವರಿಗೆ ಶಾಲೆ ಕೊಡದೆ, ರಸ್ತೆ ಕೊಡದೆ, ಅಸ್ಪೃಶ್ಯತೆ ಮಾತ್ರ ಅವರೇ ಕಂಡುಹಿಡಿದರು ಅನ್ನುವಂತೆ ಮಾತಾಡಬೇಡಿ. ನಿಮ್ಮ ಅಡುಗೆಮನೆಯಲ್ಲಿ ಮುಟ್ಟಾದವಳು ಉಪ್ಪಿನಕಾಯಿ ಭರಣಿ ಮುಟ್ಟುತ್ತಾಳೆಯೇ? ಕಸ ಎತ್ತುವವಳಿಗೆ ನೀರು ಕೊಡುವ ಬಾಟಲಿ ವಾಪಸ್ ಫ್ರಿಜ್ಜಿಗೆ ಹೋಗುತ್ತದೆಯೇ? ಅವರ ಬೇಲಿ ಮುಳ್ಳಿನದು, ಕಾಣುತ್ತದೆ. ನಿಮ್ಮದು ಗಾಜಿನದು.

ಇದು ಪಾವಗಡದ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಐವರು ಕಪ್ಪು ಹೆಂಗಸರು ಜನರಲ್ ಮೋಟರ್ಸ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. 1964ಕ್ಕಿಂತ ಮೊದಲು ಆ ಕಂಪನಿ ಕಪ್ಪು ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಂಡಿರಲಿಲ್ಲ. ಆಮೇಲೆ ಕೆಲಸದಿಂದ ತೆಗೆಯುವ ಕಾಲ ಬಂದಾಗ, ಕೊನೆಗೆ ಬಂದವರು ಮೊದಲು ಹೋಗಲಿ ಎಂದು ಅವರನ್ನೇ ಮನೆಗೆ ಕಳಿಸಿತು. 1976ರಲ್ಲಿ ನ್ಯಾಯಾಲಯ ಏನು ಹೇಳಿತು ಗೊತ್ತೇ? ಕಂಪನಿಯಲ್ಲಿ ಹೆಂಗಸರಿದ್ದಾರೆ, ಆದ್ದರಿಂದ ಹೆಣ್ಣೆಂಬ ತಾರತಮ್ಯವಿಲ್ಲ. ಜನಾಂಗದ ದೂರನ್ನು ಬೇರೆಯಾಗಿ ತನ್ನಿ, ಎರಡನ್ನೂ ಬೆಸೆದು ಹೊಸ ದೂರು ಹುಟ್ಟಿಸಬೇಡಿ. ಇದ್ದ ಆ ಹೆಂಗಸರು ಬಿಳಿಯರು, ಕಚೇರಿಯಲ್ಲಿ ಕೂತವರು. ಕೆಲಸ ಸಿಕ್ಕಿದ್ದ ಕಪ್ಪು ಜನ ಗಂಡಸರು, ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಕಪ್ಪು ಹೆಂಗಸು ಎರಡು ಪಟ್ಟಿಯ ನಡುವಿನ ಸಂದಿಯಲ್ಲಿ ಬಿದ್ದುಹೋದಳು. ಕಿಂಬರ್ಲೆ ಕ್ರೆನ್ಶಾ ಎಂಬ ಕಪ್ಪು ನ್ಯಾಯಶಾಸ್ತ್ರಜ್ಞೆ 1989ರಲ್ಲಿ ಈ ಸಂದಿಗೆ 'ಇಂಟರ್‌ಸೆಕ್ಷನಾಲಿಟಿ' ಎಂದು ಹೆಸರಿಟ್ಟರು, ಎರಡು ರಸ್ತೆ ಕೂಡುವ ಕಡೆ ನಿಂತವಳಿಗೆ ಎರಡೂ ಕಡೆಯಿಂದ ಏಟು ಬೀಳುತ್ತದೆ ಎಂದು ತೋರಿಸಿದರು.

ಆದರೆ ಆ ಮಾತಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ನಮ್ಮ ನೆಲದ ಒಬ್ಬ ಹುಡುಗಿ ಇದನ್ನು ಬರೆದಿದ್ದಳು. 1855ರಲ್ಲಿ, ಪುಣೆಯಲ್ಲಿ, ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ ನಡೆಸುತ್ತಿದ್ದ ಶಾಲೆಯ ವಿದ್ಯಾರ್ಥಿನಿ, ಅಸ್ಪೃಶ್ಯ ಮಾಂಗ್ ಜಾತಿಯ ಮುಕ್ತಾಬಾಯಿ ಸಾಳ್ವೆ. ಅವಳಿಗಾಗ ಹದಿನಾಲ್ಕರ ಆಸುಪಾಸು. ಮಾಂಗರ, ಮಹಾರರ ದುಃಖದ ಬಗ್ಗೆ 'ಜ್ಞಾನೋದಯ' ಪತ್ರಿಕೆಯಲ್ಲಿ ಬಂದ ಅವಳ ಪ್ರಬಂಧದಲ್ಲಿ ಒಂದು ಕಡೆ, ತಲೆಯ ಮೇಲೆ ಸೂರಿಲ್ಲದೆ ಮಳೆಚಳಿಯಲ್ಲಿ ಹೆರುವ ತನ್ನ ಜಾತಿಯ ಹೆಂಗಸರ ಸಂಕಟವಿದೆ. ಜಾತಿಯ ನೋವನ್ನು ಹೇಳುವಾಗ ಆ ಹುಡುಗಿ ಹೆರಿಗೆಯ ನೋವನ್ನು ಬೇರೆ ಮಾಡಲಿಲ್ಲ. ಎರಡೂ ಒಂದೇ ಮೈಯಲ್ಲಿ ಇದ್ದವು. 1855ರ ಆ ಸೂರಿಲ್ಲದ ಬಾಣಂತಿಗೂ 2023ರ ಮಲ್ಲೇನಹಳ್ಳಿಯ ಬಾಣಂತಿಗೂ ನಡುವೆ 168 ವರ್ಷ. ಮಳೆ ಅದೇ.

1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದರ ಯುವಕ ಅಂಬೇಡ್ಕರ್ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಜಾತಿ ಬದುಕಿರುವುದು ಒಳಮದುವೆಯಿಂದ, ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಇವೆಲ್ಲ ಆ ಗೋಡೆಯನ್ನು ಕಾಯಲು ಹುಟ್ಟಿದವು ಎಂದು ವಾದಿಸಿದರು. ಹೆಣ್ಣಿನ ಮೈಯನ್ನು ಕಟ್ಟಿಹಾಕದೆ ಜಾತಿ ಒಂದು ತಲೆಮಾರೂ ನಿಲ್ಲಲಾರದು ಎಂಬುದು ಇದರ ತಿರುಳು. ಹಾಗಿದ್ದ ಮೇಲೆ, 'ಮೊದಲು ಜಾತಿ ಹೋಗಲಿ, ಹೆಣ್ಣಿನ ಪ್ರಶ್ನೆ ಆಮೇಲೆ ನೋಡೋಣ' ಎನ್ನುವ ಗಂಡಸರೂ ಅಂಬೇಡ್ಕರರನ್ನು ಓದಿಲ್ಲ, 'ಮೊದಲು ಹೆಣ್ಣು ಗೆಲ್ಲಲಿ, ಜಾತಿ ಮಾತು ಯಾಕೆ' ಎನ್ನುವ ಹೆಂಗಸರೂ ಓದಿಲ್ಲ. ನಾನು ಕೂತ ಎಷ್ಟೋ ಸಭೆಗಳಲ್ಲಿ ಜಮಖಾನ ಹಾಸಿದವರು, ಟೀ ಕೊಟ್ಟವರು ಹೆಂಗಸರು, ಮೈಕು ಹಿಡಿದವರು ಗಂಡಸರು. ಕ್ರಾಂತಿಗೂ ಒಂದು ಗೂಡಿನ ಲೋಟ ಇದ್ದರೆ ಅದನ್ನು ಕ್ರಾಂತಿ ಅನ್ನಬೇಡಿ.

ನಮ್ಮ ತಾಲೂಕಿನ ಹೊಸ ವೈಭವವನ್ನೂ ನೋಡಿ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್. 2,050 ಮೆಗಾವಾಟ್. 2018ರಲ್ಲಿ ಉದ್ಘಾಟನೆಯಾದಾಗ ಅದಕ್ಕೆ 'ಶಕ್ತಿಸ್ಥಳ' ಎಂದು ಹೆಸರು. ಜಮೀನು ಗುತ್ತಿಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ. ಬರದ ನೆಲದಲ್ಲಿ ಬೋರ್‌ವೆಲ್ ಬತ್ತಿ ಕೂತ ರೈತನಿಗೆ ಅದು ಜೀವ ಉಳಿಸಿದ ದುಡ್ಡು. ಅದನ್ನು ನಾನು ಹಳಿಯುವುದಿಲ್ಲ.

ಆದರೆ ಬಾಡಿಗೆ ಪಹಣಿ ನೋಡಿ ಬರುತ್ತದೆ. ಪಹಣಿಯಲ್ಲಿ ಯಾರಿದ್ದಾರೆ? 2015-16ರ ಕೃಷಿ ಗಣತಿಯಲ್ಲಿ ಇಡೀ ದೇಶದ ಸಾಗುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು ಹದಿನಾಲ್ಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾಯ್ದೆ ತಿದ್ದಿತು. ಮಗಳು ತವರು ಕಳೆದುಕೊಳ್ಳಬಾರದೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು, ಒಂದು ಸೀರೆ ಉಡುಗೊರೆ ಪಡೆದಳು. ಜಮೀನೇ ಇಲ್ಲದ ಕಾಲೊನಿಯ ಹೆಣ್ಣಿಗೆ ಆ ಸೀರೆಯೂ ಇಲ್ಲ. ಆ ಹೊಲಗಳಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಕಿತ್ತು, ಬಿಡಿಸಿ, ಕೂಲಿಯ ಜತೆ ಮಡಿಲಲ್ಲಿ ಒಂದಿಷ್ಟು ಕಾಯಿ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದವಳು ಅವಳು. ಹೊಲ ಹೋಯಿತು, ಕೂಲಿ ಹೋಯಿತು, ಬದುವಿನ ಸೊಪ್ಪು ಹೋಯಿತು, ಮೇಕೆಯ ಮೇವು ಹೋಯಿತು. ಬಾಡಿಗೆಯಲ್ಲಿ ಅವಳಿಗೆ ಪಾಲಿಲ್ಲ. ಯಾಕೆಂದರೆ ಅವಳು ಕಳೆದುಕೊಂಡದ್ದಕ್ಕೆ ಸರ್ವೆ ನಂಬರ್ ಇಲ್ಲ. ಬೇಲಿಯೊಳಗೆ ಹುಲ್ಲು ಕೊಯ್ಯುವ, ಗಾಜು ಒರೆಸುವ ಕೆಲಸ ಸಿಕ್ಕರೆ ಅದೇ ಭಾಗ್ಯ. ಸೂರ್ಯನಿಗೂ ಬೇಲಿ ಹಾಕಿದ ನಾಡಿನಲ್ಲಿ ಅವಳು ಮತ್ತೆ ಗೇಟಿನ ಹೊರಗೆ.

ಈಗ ಎಲ್ಲೆಲ್ಲೂ ಲೆಕ್ಕದ ಕಾಲ. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ನಡೆಸಿತು. 2025ರ ಆಗಸ್ಟ್‌ನಲ್ಲಿ ಸರ್ಕಾರ ನೂರಕ್ಕೆ ಹದಿನೇಳರ ಮೀಸಲಾತಿಯನ್ನು ಆರು, ಆರು, ಐದು ಎಂದು ಹಂಚಿತು. ದಶಕಗಳ ಹೋರಾಟದ ಫಲ ಅದು, ಅದಕ್ಕಾಗಿ ಬೀದಿಯಲ್ಲಿ ನಿಂತವರಿಗೆ ನನ್ನ ನಮಸ್ಕಾರ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತು, ಅರವತ್ತು ಪ್ರಶ್ನೆ. ಅದಕ್ಕೂ ಮೊದಲೇ, 2023ರಲ್ಲಿ, ಲೋಕಸಭೆಯಲ್ಲೂ ವಿಧಾನಸಭೆಗಳಲ್ಲೂ ಹೆಂಗಸರಿಗೆ ಮೂರನೇ ಒಂದು ಭಾಗ ಎಂಬ ತಿದ್ದುಪಡಿ. ಅದರಲ್ಲಿ ಪರಿಶಿಷ್ಟ ಹೆಣ್ಣಿಗೆ ಒಳಪಾಲುಂಟು, ನನ್ನಮ್ಮನಂಥ ಹಿಂದುಳಿದ ವರ್ಗದ ನೇಕಾರ ಹೆಣ್ಣಿಗೆ ಇಲ್ಲ.

ಜಾತಿಯ ಪಾಲು ಹಂಚುವಾಗ ಹೆಣ್ಣನ್ನು ಮರೆಯುತ್ತಾರೆ, ಹೆಣ್ಣಿನ ಪಾಲು ಹಂಚುವಾಗ ಜಾತಿಯನ್ನು ಮರೆಯುತ್ತಾರೆ. ನಂಜುಂಡಪ್ಪ ವರದಿ 2002ರಲ್ಲೇ ಪಾವಗಡ, ಮಧುಗಿರಿ, ಶಿರಾಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳೆಂದು ಗುರುತಿಸಿತು. ತಾಲೂಕು ಹಿಂದುಳಿದಿದೆ, ಸರಿ. ಆ ಹಿಂದುಳಿದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತವಳು ಯಾರು? ಒಂದೊಂದು ಪಟ್ಟಿಯೂ ಅವಳ ಒಂದೊಂದು ಅಂಗವನ್ನು ಕತ್ತರಿಸಿಕೊಂಡು ಹೋಗುತ್ತದೆ. ಇಡೀ ಹೆಣ್ಣು ಯಾವ ಪಟ್ಟಿಯಲ್ಲೂ ಇಲ್ಲ.

ಮಗ್ಗದ ಮನೆಯಲ್ಲಿ ಬೆಳೆದ ನನಗೆ ಒಂದು ವಿಷಯ ಗೊತ್ತು. ನೇಯ್ದ ಬಟ್ಟೆಯಲ್ಲಿ ಹಾಸನ್ನು ಮಾತ್ರ ಹರಿಯುತ್ತೇನೆ, ಹೊಕ್ಕನ್ನು ಉಳಿಸುತ್ತೇನೆ ಎಂದರೆ ಆಗುವುದಿಲ್ಲ. ಜಾತಿ ಹಾಸು, ಹೆಣ್ಣಿನ ಅಡಿಯಾಳುತನ ಹೊಕ್ಕು, ಬಡತನ ಅಂಚು, ಭಾಷೆಯ ತಿರಸ್ಕಾರ ಸೆರಗು. ಇದನ್ನು ಹರಿಯುವುದಾದರೆ ಇಡಿಯಾಗಿ ಹರಿಯಬೇಕು. ಇಲ್ಲದಿದ್ದರೆ ಹರಿದಂತೆ ನಟಿಸಬೇಡಿ.

ಗೂಡಿನ ಆ ಲೋಟ ಈಗಿಲ್ಲ. ಒಂದು ದಿನ ನಾನು ಅದನ್ನು ಒಳಗೆ ತಂದು ನಮ್ಮ ಲೋಟಗಳ ನಡುವೆ ಇಟ್ಟೆ. ಅಮ್ಮ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಅವ್ವ ಬಂದಾಗ ಯಾವ ಲೋಟ ಯಾವುದೆಂದು ಅಮ್ಮನಿಗೇ ಗೊತ್ತಾಗಲಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಕೊಟ್ಟಳು. ಅವ್ವ ಕುಡಿಯಲಿಲ್ಲ, ಲೋಟ ಹಿಡಿದು ಸುಮ್ಮನೆ ಕೂತಳು. ಒಂದು ಲೋಟ ಒಳಗೆ ಬಂದ ಮಾತ್ರಕ್ಕೆ ಅಷ್ಟು ವರ್ಷದ ಅಂಗಳ ಅಳಿಸಿಹೋಗುವುದಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಅವ್ವ ನಮ್ಮ ಒಳ್ಳೆಯತನ ಕಾದು ಕೂತಿರಲಿಲ್ಲ. ಅವಳಿಗೆ ಸಲ್ಲಬೇಕಾದದ್ದು ಬೇರೆ ಇತ್ತು: ಕೂಲಿ, ನೆಲ, ಹೆಸರು.

ಆದ್ದರಿಂದ ಫೈಲು ಹಿಡಿದು ಬರುವವರೇ, ಇನ್ನು ನಮ್ಮ ಬೀದಿಗೆ ಬಂದಾಗ ಯಜಮಾನರನ್ನು ಕೇಳಿ ಹೋಗಬೇಡಿ. ರಾಟೆಯ ಮುಂದೆ ಕೂತವಳನ್ನು ಕೇಳಿ, ಅವಳ ನಾಲಗೆಯಲ್ಲೇ ಕೇಳಿ. ಅಲ್ಲಿಂದ ಕಾಲೊನಿಗೆ ನಡೆಯಿರಿ, ಕೊಟ್ಟಿಗೆ ಬಾಚಿದವಳ ಎದುರು ಕೂತು ಕೇಳಿ. ಹಟ್ಟಿಯ ಹೊರಗಿನ ಗುಡಿಸಲಿಗೆ ಬಗ್ಗಿ ಒಳಗೆ ಹೋಗಿ, ಕೂಸು ಹಿಡಿದವಳನ್ನು ಕೇಳಿ. ಸೋಲಾರ್ ಗೇಟಿನ ಮುಂದೆ ಕುಡುಗೋಲು ಹಿಡಿದು ನಿಂತವಳನ್ನು ಕೇಳಿ. ಜಾತಿ ಒಂದು ಕಾಲಂ, ಹೆಣ್ಣು ಒಂದು ಕಾಲಂ ಎಂದು ಹರಿದು ಹಂಚಬೇಡಿ. ಒಂದೇ ಸಾಲಿನಲ್ಲಿ ಬರೆಯಿರಿ: ಏನು ಕೆಲಸ, ಎಷ್ಟು ಹೊತ್ತು, ಕೂಲಿ ಎಷ್ಟು, ನೆಲ ಯಾರ ಹೆಸರಲ್ಲಿ, ಯಾವ ಬಾಗಿಲು ಅವಳಿಗೆ ಮುಚ್ಚಿದೆ.

ಮೊದಲ ಹೆಸರು ನಮ್ಮಮ್ಮನದಲ್ಲ. ಅವ್ವನದು. ಬರೆದುಕೊಳ್ಳಿ.